ಬೆನ್ನಿಗಿಟ್ಟ ಕೈ

ನೀವು ಸುಳ್ಳಂದರೂ ಅಡ್ಡಿಯಿಲ್ಲರಿ, ಆದದ್ದು ಆದಂಗ ಹೇಳತೇನಿ. ಬನಹಟ್ಟಿ ಇನ್ನೂ ಮುಂಬೈ ರಾಜ್ಯದಾಗಿದ್ದಾಗ, ಊರ ಹೊರಗಿನ ಒಂದು ಹತ್ತಿ ಗಿರಣಿಗೆ ಚಿಮಣಿ ಕಟ್ಟಾಕ ಹೋಗಿದ್ದೆ.

ಅಷ್ಟು ಎತ್ತರ ನಾ ಏರಿದ್ದು ಅದ ಮೊದಲು. ಬಿದಿರಿಗೆ ಕಟ್ಟಿದ ಹಲಗಿ ಮ್ಯಾಲ ಗ್ವಾಡಿಗೆ ಮಾರಿ ಮಾಡಿ ನಿಂತರ ಕಣ್ಣು ಮುಚ್ಚಿ ಬಿದಿರು ಹಿಡಕೋತಿದ್ದೆ. ಆಗ ಬೆನ್ನಿಗೆ ಒಂದು ಅಂಗೈ ಬಂದು ಕೂಡತಿತ್ತು. ಬಾಜೂಕ ನಿಂತು ಕಟ್ಟತಿದ್ದ ಹಿರೇ ಗೌಂಡಿ ಕಾಮಣ್ಣನ ಕೈ ಅಂತ ತಿಳಕೊಂಡೆ. ಅದರ ಆಸರದಾಗ ಎತ್ತರ ರೂಢಿ ಆತು. ಆದರ ಒಂದು ಸಂಶಯ ಹೋಗಲಿಲ್ಲ. ಉರಿಬಿಸಲಾಗ ಆ ಕೈ ಬಾವಿ ಕಲ್ಲಿನಂಗ ತಣ್ಣಗ ಯಾಕಿತ್ತು? ಕಾಮಣ್ಣನ ಕೈ ತುಂಬ ಗಚ್ಚು, ನನ್ನ ಅಂಗಿ ಮ್ಯಾಲ ಮಾತ್ರ ಅದರ ಗುರುತು ಇರತಿರಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿ ಉಣ್ಣುವಾಗ ಕೇಳೇ ಬಿಟ್ಟೆ. “ಕಾಕಾ, ನಿಮ್ಮ ಕೈ ಅಷ್ಟು ತಣ್ಣಗ ಹೆಂಗ್ರೀ?”

ಅವನ ತುತ್ತು ಕೈಯಾಗ ನಿಂತಿತು. “ನಾ ಯಾವಾಗ ಮುಟ್ಟೀನೋ ನಿನ್ನ? ಮ್ಯಾಲ ನಿಂತವನನ್ನ ಗೌಂಡಿ ಎಂದೂ ಮುಟ್ಟಂಗಿಲ್ಲ, ಬೆಚ್ಚಿದರ ಸತ್ತಂಗ. ಅಲ್ಲಲೇ, ನಿನ್ನ ಹಿಂದ ಹಲಗಿನ ಇಲ್ಲ. ಯಾರು ನಿಲ್ಲಬೇಕು ಅಲ್ಲಿ?”

ಸುಳ್ಳು ಹೇಳಾಕತ್ತಾನೇನು ಅಂತ ಅವನ ಮಾರಿ ನೋಡಿದೆ. ಅವನೂ ನನ್ನ ಹಂಗ ನೋಡಾಕತ್ತಿದ್ದ.

ಉಂಡು ಇಬ್ಬರೂ ಮತ್ತ ಏರಿದಿವಿ. ಎಷ್ಟೊತ್ತಾದರೂ ನನ್ನ ಬೆನ್ನಿಗೆ ಆ ಕೈ ಬರಲಿಲ್ಲ. ಕಾಮಣ್ಣ ಒಮ್ಮೆ ಹೆಗಲು ಕೊಡವಿದ. ಮತ್ತ ಕೊಡವಿದ. ಕಡೀಕ ಗ್ವಾಡಿ ಕಡೆನ ನೋಡಕೋತ ಹಲ್ಲು ಕಚ್ಚಿ ಅಂದ:

“ಲೇ, ಚಾಷ್ಟಿ ಸಾಕು. ಕೈ ತಗಿ.”

ನನ್ನ ಎರಡೂ ಕೈಯಾಗ ಇಟ್ಟಂಗಿ ಇದ್ದುವು.