ಹಿಂಬಾಗಿಲಿನ ಕೊನೆಯ ಪೋಸ್ಟ್

ಬಸ್ ಕಂಡಕ್ಟರ್ ಅಕ್ಕ ಯೂನಿಫಾರಂ ಕೂಡ ಬದಲಿಸದೆ ಆಸ್ಪತ್ರೆಯಿಂದ ನೇರವಾಗಿ ಹಾಸ್ಟೆಲಿನ ವಾರ್ಡನ್ ರೂಮಿಗೆ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಂಗಿ ಬದುಕಿದಾಳೆ. ಆದ್ರೆ ಮಾತು ವಾಪಸ್ ಬರೋದು ಕಷ್ಟ ಅಂತೆ, ಗಂಟಲು ಸುಟ್ಟೋಗಿದೆ. ಯಾರು ಮಾಡಿದ್ದು ಅಂತ ಹೇಳಿ ಸಾಕು ಅಮ್ಮ. ಮುಂದಿಂದು ನಾನು ನೋಡ್ಕೋತೀನಿ."

ಹಾಸ್ಟೆಲಿನ ವಾರ್ಡನ್‌ಗೆ ಹುಡುಗಿಯರು ಇಟ್ಟ ಹೆಸರು ಬೀಗದಮ್ಮ. ಸೊಂಟದಲ್ಲಿ ಬೀಗದಕೈ ಗೊಂಚಲು, ತಲೆಯಲ್ಲಿ ಎಲ್ಲರ ಗುಟ್ಟು. ಕಳೆದುಹೋದ ಓಲೆಯಿಂದ ಹಿಡಿದು ಓಡಿಹೋದ ಗಂಡನವರೆಗೆ ಆಕೆ ಪತ್ತೆಮಾಡದ್ದು ಕಡಿಮೆ. ಆಕೆಯ ರೂಮಿನಲ್ಲೇ ಮಂಚ ಹಾಕಿಕೊಂಡಿದ್ದ ಮಾತ್ರೆ, ಅಂದರೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಇದಕ್ಕೆಲ್ಲ ಸಾಕ್ಷಿ.

ಹಾಸ್ಟೆಲಿನಲ್ಲಿ ಮುಕ್ಕಾಲು ಪಾಲು ಪಕ್ಕದ ಬಟ್ಟೆ ಕಾರ್ಖಾನೆಯ ಹೆಂಗಸರು. ಅವರ ಫೋನುಗಳಲ್ಲಿ 'ಹಿಂಬಾಗಿಲು' ಎಂಬ ಪುಟವಿತ್ತು. ನಡೆಸುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಹಿಂಬಾಗಿಲಿಗೆ ಬೀಗ ಜಡಿಯುತ್ತಿದ್ದ ಮ್ಯಾನೇಜರ್, ಬೆಂಕಿ ಬಿದ್ದರೆ ಎಲ್ಲಿಂದ ಓಡಬೇಕು ಎಂದು ಆ ಪುಟ ಕೇಳಿದ ಮೇಲೆ ಬೀಗ ತೆಗೆದಿದ್ದ. ಹೆಂಗಸರ ಮೈಮೇಲೆ ಕೈ ಹಾಕುತ್ತಿದ್ದ ಸೂಪರ್‌ವೈಸರ್ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದೂ ಅದರಿಂದಲೇ. ಹೆಸರು ಹೇಳಿ ಕೇಳಿದ್ದರೆ ಮನೆಗೆ ಹೋಗುತ್ತಿದ್ದವಳು ಕೇಳಿದವಳೇ.

ಅದೇ ಪುಟ ಕಳೆದ ವಾರ ಹೊಲಿಗೆ ಹಾಲಿನ ಫೋಟೋ ಒಂದನ್ನು ಹಾಕಿತ್ತು. ಸಾಲಾಗಿ ಕೂತ ಹೆಂಗಸರು, ಫೋಟೋದ ಎಡತುದಿಯಲ್ಲಿ ಒಳಮುಖವಾಗಿ ಕೆಂಪು ಬಾಣ. 'ಇವಳು ಮ್ಯಾನೇಜರನ ಕಿವಿ' ಎಂಬ ಬರಹ. ಯಾರವಳು ಎಂದು ಜನ ಕೇಳಿದ ಮೇಲೆ ಕೆಳಗೆ ಕಂಡಕ್ಟರ್ ತಂಗಿಯ ಮಷಿನ್ ನಂಬರು ಬಂತು. ಆಮೇಲೆ ತಂಗಿಯ ಪಕ್ಕ ಯಾರೂ ಕೂರಲಿಲ್ಲ. ಅವಳ ಊಟದ ಡಬ್ಬಿ ಪಾಯಿಖಾನೆಯಲ್ಲಿ ಸಿಕ್ಕಿತು. ಕೊನೆಗೆ ಅವಳು ಕಲೆ ತೆಗೆಯುವ ದ್ರಾವಣ ಕುಡಿದಳು.

ಕಂಡಕ್ಟರ್ ಬಂದ ದಿನ ಸಂಜೆ, ಅವಳಿನ್ನೂ ಅಲ್ಲಿರುವಾಗಲೇ, ಮೂವರು ಬೀಗದಮ್ಮನ ಬಾಗಿಲು ತಟ್ಟಿದರು. ಬಟ್ಟೆ ಕತ್ತರಿಸುವ ಟೇಬಲ್ಲಿನ ಕತ್ತರಿ, ಇಸ್ತ್ರಿ ವಿಭಾಗದ ಇಸ್ತ್ರಿ, ಹೊಲಿದ ಬಟ್ಟೆಯ ದೋಷ ಹುಡುಕುವ ಚೆಕ್ಕಿ. ಪುಟ ತಮ್ಮದೆಂದೂ ಮೂವರಿಗೂ ಒಂದೇ ಪಾಸ್‌ವರ್ಡ್ ಎಂದೂ ಒಪ್ಪಿಕೊಂಡರು. ಆ ಪೋಸ್ಟ್ ಮಾತ್ರ ತನ್ನದಲ್ಲ ಎಂದು ಒಬ್ಬೊಬ್ಬಳೂ ಹೇಳಿದಳು.

ಕಂಡಕ್ಟರ್‌ಗೆ ಅಷ್ಟು ಸಾಕಾಗಿತ್ತು. ದೋಷದ ಪಕ್ಕ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಚೆಕ್ಕಿಯ ಕೆಲಸವೆಂದು ಕಾರ್ಖಾನೆಗೆಲ್ಲ ಗೊತ್ತು. ಅವಳು ಚೆಕ್ಕಿಯ ಜಡೆಗೆ ಕೈ ಹಾಕಿದಾಗ ಬೀಗದಮ್ಮ ನಡುವೆ ಬಂದಳು. "ತಪ್ಪು ಜಡೆ ಕಿತ್ರೆ ಕೂದಲು ವಾಪಸ್ ಅಂಟಿಸೋಕಾಗಲ್ಲ. ಭಾನುವಾರದವರೆಗೆ ತಡಿ."

ಮರುದಿನ ಆಕೆ ಮೂವರನ್ನೂ ಬೇರೆಬೇರೆಯಾಗಿ ಕರೆದು, ಹಾಸ್ಟೆಲಿನ ಗುಂಪು ಫೋಟೋ ಮತ್ತು ಕೆಂಪು ಪೆನ್ನು ಕೊಟ್ಟಳು. ನಲ್ಲಿ ತೆರೆದಿಟ್ಟು ಹೋಗುವವಳನ್ನು ಗುರುತುಮಾಡಬೇಕಂತೆ. ಒಬ್ಬಳ ಗಂಟಲು ಸುಟ್ಟಿರುವಾಗ ಈಕೆಗೆ ನಲ್ಲಿಯ ಚಿಂತೆ ಎಂದು ಮಾತ್ರೆಗೆ ರೇಗಿತು. ಚೆಕ್ಕಿ ಒಬ್ಬಳ ಕೆನ್ನೆಯ ಪಕ್ಕದಲ್ಲೇ ಬಾಣ ಬರೆದಳು. ಇಸ್ತ್ರಿ ಮುಖದ ಸುತ್ತ ಸೊನ್ನೆ ಸುತ್ತಿದಳು. ಕತ್ತರಿ ಕಾಗದದ ತುದಿಯಲ್ಲಿ ಗೀಟೆಳೆದು, "ಈ ಸಾಲಲ್ಲಿ ಮೂರನೆಯವಳು" ಎಂದಳು.

ಸಂಜೆ ತಂಗಿಯ ಚೀಲ ತರುವ ನೆಪದಲ್ಲಿ ಬೀಗದಮ್ಮ, ಮಾತ್ರೆ ಇಬ್ಬರೂ ಕಾರ್ಖಾನೆಗೆ ಹೋದರು. ಕತ್ತರಿಸುವ ಟೇಬಲ್ಲಿನ ಮೇಲೆ ಬಟ್ಟೆ ಪದರಪದರವಾಗಿ ಹಾಸಿತ್ತು, ಅಂಚಿನಲ್ಲಿ ಕೆಂಪು ಚೀಟಿಗಳು ಇಣುಕುತ್ತಿದ್ದವು. ತಂಗಿಯ ಪಕ್ಕದ ಮಷಿನ್ನಿನವಳು, ಕಾಲರಿನ ತುಂಡುಗಳು ಗಿಡ್ಡವಾಗಿವೆ, ಹೊಲಿಯಲಾರೆ ಎಂದು ತಂಗಿ ಹಿಂದಿರುಗಿಸಿದ ಕತೆ ಹೇಳಿದಳು. ಅದಕ್ಕಾಗಿ ಮ್ಯಾನೇಜರ್ ಕತ್ತರಿಯನ್ನು ಇಡೀ ಹಾಲಿನ ಮುಂದೆ ನಿಲ್ಲಿಸಿ ಬೈದಿದ್ದನಂತೆ.

ಭಾನುವಾರ ಮಧ್ಯಾಹ್ನ ಊಟದ ಹಾಲಿನಲ್ಲಿ ಎಲ್ಲರೂ ಸೇರಿದರು. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತಳು.

"ಬಾಣ ನೋಡಿ ಎಲ್ರೂ ಚೆಕ್ಕಿ ಅಂದ್ರಿ," ಎಂದಳು ಬೀಗದಮ್ಮ. "ಬಾಣ ಯಾರು ಬೇಕಾದ್ರೂ ಬರೀಬಹುದು. ಎಲ್ಲಿ ಬರೀತಾರೆ ಅನ್ನೋದು ನೋಡಬೇಕು. ಚೆಕ್ಕಿ ಒಂದೊಂದೇ ಬಟ್ಟೆ ನೋಡ್ತಾಳೆ, ದೋಷದ ಮಗ್ಗುಲಲ್ಲೇ ಅಂಟಿಸ್ತಾಳೆ. ಈ ಫೋಟೋದಲ್ಲಿ ಬಾಣ ಎಷ್ಟು ದೂರ ಇದೆ ಅಂದ್ರೆ, ಯಾರಿಗೂ ಅವಳು ಯಾರು ಅಂತಾನೇ ತಿಳೀಲಿಲ್ಲ. ಪದರದ ಮೇಲೆ ಪದರ ಹಾಸಿದ ಬಟ್ಟೆಯಲ್ಲಿ ನಡುವಿನ ಗುರುತು ಮುಚ್ಚಿಹೋಗುತ್ತೆ. ಅದಕ್ಕೆ ಕತ್ತರಿಸೋ ಟೇಬಲ್ ಮೇಲೆ ದೋಷ ಇರೋ ಸಾಲಿಗೆ ಅಂಚಲ್ಲಿ ಗುರುತಿಡ್ತಾರೆ. ದಿನವಿಡೀ ಅಂಚು ನೋಡಿ ಕೆಲಸ ಮಾಡೋಳು ಒಬ್ಬಳೇ. ನಲ್ಲಿ ಫೋಟೋದಲ್ಲೂ ಅವಳ ಕೈ ಅಂಚಿಗೇ ಹೋಯ್ತು."

ಕತ್ತರಿ ವಾದಿಸಲಿಲ್ಲ. "ಎದುರಿಗೆ ಆಗಿದ್ರೆ ಜಗಳ ಆಡ್ತಿದ್ದೆ, ಮಾರನೇ ದಿನ ಒಟ್ಟಿಗೆ ಚಹಾ ಕುಡೀತಿದ್ವಿ," ಎಂದಳು. "ಮುಖ ಇಲ್ಲ ನೋಡಿ. ಬಾಯಿಗೆ ಬಂದಿದ್ದು ಬರೆದೆ. ಸುಳ್ಳು ಅಂತ ಗೊತ್ತಿತ್ತು. ನೂರು ಜನ ಹೌದು ಅಂದ್ಮೇಲೆ ಖುಷಿಯೂ ಆಯ್ತು."

ಕಂಡಕ್ಟರ್ ಅವಳ ಮುಂದೆ ಫೋನ್ ಹಿಡಿದಳು. "ಇದನ್ನೇ ಬರಿ. ಅದೇ ಪುಟದಲ್ಲಿ. ನಿನ್ನ ಹೆಸರು, ನಿನ್ನ ಮುಖ ಹಾಕಿ."

ಇಸ್ತ್ರಿ ಓಡಿಬಂದು ಅವಳ ಕೈ ಹಿಡಿದಳು. "ಬೇಡ ಅಕ್ಕ. ನಾವು ಮೂರೂ ಜನ ಯಾವಾಗಲೂ ಒಟ್ಟಿಗಿರ್ತೀವಿ, ಇವಳು ಸಿಕ್ಕರೆ ನಾವೂ ಸಿಕ್ಕಂಗೇ. ಮ್ಯಾನೇಜರ್ ಹೆದರೋದು ಆ ಪುಟ ಒಂದಕ್ಕೆ. ಇವಳನ್ನ ಇಲ್ಲೇ ಎಷ್ಟು ಬೇಕಾದ್ರೂ ಹೊಡಿ."

"ನನ್ನ ತಂಗಿ ಡಬ್ಬಿ ಪಾಯಿಖಾನೆಗೆ ಹಾಕಿದ್ದು ಮ್ಯಾನೇಜರಾ?" ಕಂಡಕ್ಟರ್ ಹಾಲಿನ ಸುತ್ತ ನೋಡಿದಳು. "ಅವಳ ಗಂಟಲು ಹೋಯ್ತು. ನಿಮ್ಮ ಬಾಗಿಲೂ ಹೋಗಲಿ."

ಮಾತ್ರೆ ಬೀಗದಮ್ಮನ ಕಡೆ ತಿರುಗಿದಳು. ಆಕೆ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು, ಈ ಸಲ ನಡುವೆ ಬರಲಿಲ್ಲ.

ಕತ್ತರಿ ಬರೆದಳು. ಫೋಟೋವನ್ನು ಕಂಡಕ್ಟರೇ ತೆಗೆದಳು, ಮುಖ ಸರಿಯಾಗಿ ನಡುವೆ ಬರುವಂತೆ. ಫೋನ್ ಟಿಣ್ ಟಿಣ್ ಎನ್ನತೊಡಗಿತು. ಸಾಯಿ, ವಿಷ ಕುಡಿ ಎಂದು ಬರೆಯುತ್ತಿದ್ದವರಲ್ಲಿ ಒಬ್ಬರಿಗೂ ಹೆಸರಿರಲಿಲ್ಲ.

ಸೋಮವಾರ ಮೂವರನ್ನೂ ಗೇಟಿನಲ್ಲೇ ತಡೆದು ವಾಪಸ್ ಕಳಿಸಿದರು. ಮಧ್ಯಾಹ್ನ ಕಂಡಕ್ಟರ್ ಆಸ್ಪತ್ರೆಯಿಂದ ಫೋನ್ ಮಾಡಿದಳು. ತಂಗಿ ಪೋಸ್ಟನ್ನು ಎರಡು ಸಲ ಓದಿ, ಆಮೇಲೆ ನಕ್ಕಳಂತೆ.

ಸಂಜೆ ಅಂಗಡಿಯಿಂದ ಬರುವಾಗ ಮಾತ್ರೆ ಕಾರ್ಖಾನೆಯ ಹಿಂದಿನ ದಾರಿ ಹಿಡಿದಳು. ಒಳಗೆ ಮಷಿನ್‌ಗಳು ಓಡುತ್ತಿದ್ದವು. ಹಿಂಬಾಗಿಲಿನಲ್ಲಿ ಹೊಸ ಬೀಗ ತೂಗುತ್ತಿತ್ತು. ಅವಳು ಬಂದು ಹೇಳಿದಾಗ ಬೀಗದಮ್ಮ ತನ್ನ ಗೊಂಚಲನ್ನು ಒಮ್ಮೆ ನೋಡಿಕೊಂಡಳು.

"ಅದರ ಬೀಗದಕೈ ಇದರಲ್ಲಿಲ್ಲ," ಎಂದಳು.