ಸ್ವಲ್ಪ ಹೊರಗೆ ಬನ್ನಿ

"ಸ್ವಲ್ಪ ಹೊರಗೆ ಬನ್ನಿ..."

ನರ್ಸ್ ಹೇಳಿದ್ದು ಇಷ್ಟೇ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿದ್ದ ಎಲೆಕ್ಟ್ರಿಷಿಯನ್ ಗೋಡೆ ಹಿಡಿದುಕೊಂಡ.

"ಅಮ್ಮ ಹೋದ್ರಾ?"

ಅವಳು ತಲೆ ತಗ್ಗಿಸಿದಳು.

ಹನ್ನೊಂದು ದಿನ ಅವನು ಅಲ್ಲಿ ಕಾದಿದ್ದ. ಅವಳು ಅದೇ ಮಾತು ಹೇಳಿ ಮೂರು ಮನೆಯವರನ್ನು ಕರೆದಿದ್ದಳು; ಮೂರು ಸಲವೂ ಬಾಗಿಲಾಚೆಯಿಂದ ಅಳು ಕೇಳಿತ್ತು. ನಾಲ್ಕನೆಯದು ಅವನ ಪಾಲಿಗೆ ಬಂದಿತು. ಭಗವಂತನ ಇಚ್ಛೆ.

ನಾಲ್ಕು ತಿಂಗಳ ಮೇಲೆ ಅವನು ತಾಯಿ ತೀರಿಕೊಂಡ ಅದೇ ವಾರ್ಡಿನ ಫ್ಯಾನ್ ರಿಪೇರಿಗೆ ಬಂದ. ಅವಳನ್ನು ಕಂಡರೆ ಸಾಕು, ಮುಖ ಬಿಳಿಚಿ ಏಣಿ ಹೊತ್ತು ಬೇರೆ ಕೋಣೆಗೆ ಹೋಗುತ್ತಿದ್ದ.

"ಏನೇ ಮಗಳೇ, ನಿನ್ನ ನೋಡಿದ್ರೆ ಕರೆಂಟ್ ಹೊಡೆದ ಹಾಗೆ ಹಾರ್ತಾನಲ್ಲ!" ಎಂದು ಆಯಾ ನಕ್ಕಳು.

ಅವಳಿಗೆ ನಗು ಬರಲಿಲ್ಲ. ತಾಯಿಯ ತಲೆಯನ್ನು ಮೆಲ್ಲಗೆ ಬಾಚುತ್ತಿದ್ದ ಅವನ ಕೈಗಳನ್ನು ಅವಳು ಮರೆತಿರಲಿಲ್ಲ. 'ನನ್ನಿಂದಲೇ ತಾಯಿ ಸತ್ತರು ಅಂದುಕೊಂಡಿದ್ದಾರೆ...'

ಅವನ ಕೆಲಸ ಮುಗಿಯುವ ದಿನ ಬಂತು. ಇಂದು ಕೇಳದಿದ್ದರೆ ಇನ್ನೆಂದು? ಧೈರ್ಯ ಮಾಡಿ ಹತ್ತಿರ ಹೋದಳು. ಬಾಯಿಗೆ ರೂಢಿಯ ಮಾತೇ ಬಂತು!

"ಸ್ವಲ್ಪ ಹೊರಗೆ ಬನ್ನಿ."

ಅವನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು.

"ಮನೇಲಿ ಇನ್ಯಾರೂ ಉಳಿದಿಲ್ಲವಲ್ಲ ಸಿಸ್ಟರ್... ಯಾರು?"

"ಅಯ್ಯೋ, ಯಾರೂ ಇಲ್ಲ! ನನ್ನ ಮೇಲೆ ಸಿಟ್ಟಾ ಅಂತ ಕೇಳೋಕೆ..."

"ಸಿಟ್ಟಾ? ನಿಮ್ಮ ಮೇಲಾ? ಆ ಮಾತು ಕೇಳಿದ್ರೆ ಕೈ ತಣ್ಣಗಾಗುತ್ತೆ. ಈಗ ನಿಮ್ಮ ಚಪ್ಪಲಿ ಸದ್ದಿಗೂ ಹಾಗೇ. ನಿಮ್ಮ ತಪ್ಪಲ್ಲ."

ಅವಳು ಓಡಿಹೋದಳು. ಒಂಬತ್ತು ವರ್ಷದ ನರ್ಸ್ ಕೆಲಸದಲ್ಲಿ ಎಷ್ಟು ಜನರ ಕೈ ತಣ್ಣಗಾಗಿಸಿದೆನೋ, ದೇವರೇ!

ಮರುದಿನ ಔಷಧಿ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಅವನ ಧ್ವನಿ.

"ಸಿಸ್ಟರ್, ಸ್ವಲ್ಪ ಹೊರಗೆ ಬನ್ನಿ."

ಆ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಗೋಡೆ ಹಿಡಿದು ಹೊರಗೆ ಬಂದಳು.

"ಯಾರು... ಯಾರು ಹೋದ್ರು?"

"ಯಾರೂ ಹೋಗಿಲ್ಲ. ನಾನು ಬಂದಿದ್ದೀನಿ. ಇವತ್ತು ಇಲ್ಲಿ ಕೆಲಸ ಇಲ್ಲ, ನಿಮಗೋಸ್ಕರ ಬಂದೆ. ಆ ಮಾತಿನ ಹಿಂದೆ ಒಂದು ಸಲವಾದ್ರೂ ಒಳ್ಳೇದು ಬರಲಿ ಅಂತ."

ಅವನು ಅವಳ ಕೈ ಹಿಡಿದ. ಇಬ್ಬರ ಕೈಗಳೂ ಮಂಜಿನಂತೆ ತಣ್ಣಗಿದ್ದವು.

"ಒಂದು ಸಲಕ್ಕೆ ಬೆಚ್ಚಗಾಗಲ್ಲ," ಎಂದಳು ಅಳುತ್ತ.

"ಮತ್ತೆ?"

"ದಿನಾ ಕರೀಬೇಕು."