ಏರಿಯ ಮೇಲೆ ಕಳಚಿದ ಟ್ರೈಲರ್

ವಿಜಯದಶಮಿಯ ಬೆಳಿಗ್ಗೆ ಶ್ಯಾಮಣ್ಣ ತನ್ನ ಸೈಕಲ್ ಅಂಗಡಿಯ ಬಾಗಿಲು ಅರ್ಧ ಎತ್ತುವಷ್ಟರಲ್ಲೇ ಭಾಗ್ಯಮ್ಮ ಬಂದು ಎದುರಿಗೆ ನಿಂತಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಅವಳ ಗಂಡ ನರಸಪ್ಪ ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ಸಾಲಿನ ತುದಿಯಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡವನು.

"ಶ್ಯಾಮಣ್ಣ, ಸಾರ್ ಎದ್ದವ್ರಾ? ನೆನ್ನೆ ಸಂಜೆ ನಮ್ಮೋರ್ನ ಟೇಸನ್ನಿಗೆ ಕರ್ಕೊಂಡೋದ್ರು. ಇವ್ರು ಮಾಡ್ಕೊಟ್ಟ ಕೊಂಡಿ ಕಳಚಿ, ರಾಮಪ್ರಸಾದ್ ವರ್ಕ್‌ಶಾಪಿನ ಕೆಲ್ಸದಾಳು ಬೈರಪ್ಪಣ್ಣನ ಕಾಲ ಮ್ಯಾಲೆ ಟ್ರೈಲರ್ ಅರೀತಂತೆ."

ಸಾರ್ ಎಂದರೆ ಅಂಗಡಿಯ ಹಿಂದಿನ ಮನೆಯ ಕೃಷ್ಣಸ್ವಾಮಿ. ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಕೂದಲೆಳೆಯಷ್ಟು ಬಿರುಕನ್ನು ಉಗುರಿನಲ್ಲಿ ಗೀರಿಯೇ ಹೇಳಬಲ್ಲರು. ಸುತ್ತಲಿನವರು ಹೊಗೆ ಉಗುಳುವ ಮೋಟರಿನಿಂದ ಹಿಡಿದು ಕಾಣೆಯಾದ ಎಮ್ಮೆಯವರೆಗೆ ಎಲ್ಲವನ್ನೂ ಅವರ ಜಗಲಿಗೇ ತರುತ್ತಿದ್ದರು. ಅವರ ಮೊಣಕಾಲು ಕೈಕೊಟ್ಟ ಮೇಲೆ ಶ್ಯಾಮಣ್ಣನ ಸೈಕಲ್ಲಿನ ಕ್ಯಾರಿಯರೇ ಅವರ ರಥ.

ಅವತ್ತು ಸ್ಟೇಷನ್ನಿನ ದಾರಿಯುದ್ದಕ್ಕೂ ಕೃಷ್ಣಸ್ವಾಮಿ ಬೇಗ ತುಳಿ ಎಂದು ಅವಸರಪಡಿಸುತ್ತಲೇ ಇದ್ದರು. ಯಾಕೆಂದು ಶ್ಯಾಮಣ್ಣನಿಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ಸಣ್ಣ ವರ್ಕ್‌ಶಾಪಿನ ಮಾಲೀಕ ರಾಮಪ್ರಸಾದ ತನ್ನ ಹಳೇ ಅಂಬಾಸಿಡರಿಗೆ ಪುಟ್ಟ ಟ್ರೈಲರ್ ಕಟ್ಟಿಸಿದಾಗ, ನರಸಪ್ಪನ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಹೇಳಿಕೊಟ್ಟವರು ಇವರೇ. "ಕೊಂಡಿ ಬಂಪರಿಗೆ ಅಂಟಿಸಬೇಡ, ಅಡಿಯ ಚೌಕಟ್ಟಿಗೇ ಬೋಲ್ಟ್ ಹಾಕು. ಕಾರಿಗೂ ಟ್ರೈಲರಿಗೂ ಸಿಗಿಸೋ ಪಿನ್ನು ಉಕ್ಕಿನದಿರಲಿ. ಅದರ ತುದಿಯಲ್ಲಿ ತೂತು ಕೊರೆದು, ತಂತಿ ಹಾಗಿರೋ ಸ್ಪ್ಲಿಟ್ ಪಿನ್ ತೂರಿಸಿ ಬಗ್ಗಿಸು, ಹಳ್ಳದಲ್ಲಿ ಎಗರಬಾರದು. ಅದೂ ಹೋಯ್ತು ಅಂತಿಟ್ಕೋ, ಎರಡು ಸರಪಳಿ ಅಡ್ಡಡ್ಡ ಹಾಯಿಸಿರು. ಹೊರೆ ಒಂಚೂರು ಮುಂದಕ್ಕಿರಲಿ. ಹಿಂದಕ್ಕೆ ಜಾಸ್ತಿಯಾದ್ರೆ ಗಾಡಿ ಬಾಲ ಅಲ್ಲಾಡಿಸುತ್ತೆ." ನರಸಪ್ಪ ಒಂದೊಂದನ್ನೂ ಹಾಗೇ ಮಾಡಿದ್ದ.

ಸ್ಟೇಷನ್ನಿನ ಬೆಂಚಿನ ಮೇಲೆ ಅವನು ತನ್ನ ಅಂಗೈ ನೋಡಿಕೊಂಡು ಕೂತಿದ್ದ. "ಎರಡು ಸಲ ನೋಡಿದ್ದೆ ಸಾರ್," ಅಂದ. ಆಮೇಲೆ ತಗ್ಗಿದ ದನಿಯಲ್ಲಿ, "ಈಗ ನಂಗೇ ಅನುಮಾನ ಬತ್ತಾ ಐತೆ. ಬೈರಪ್ಪಣ್ಣ ನಮ್ಮೂರೋನು. ನನ್ನ ಕೈಯಿಂದ್ಲೇ ಆಯ್ತೇನೋ."

ಸಬ್ ಇನ್ಸ್‌ಪೆಕ್ಟರರು ಕೆಟ್ಟ ಮನುಷ್ಯರಲ್ಲ. ಮೇಜಿನ ಮೇಲಿದ್ದ ಪಿನ್ನನ್ನು ತೋರಿಸಿದರು. "ಫ್ಯಾಕ್ಟರಿಗೆ ಅರ್ಜೆಂಟ್ ಮಾಲು ಒಯ್ತಿದ್ರಂತೆ. ಕೆರೆ ಏರಿ ಹತ್ತೋವಾಗ ಟ್ರೈಲರ್ ಕಳಚಿ ಹಿಂದಕ್ಕೆ ಬಂದಿದೆ. ಈ ಪಿನ್ನು ಪಕ್ಕದ ಮೋರೀಲಿ ಸಿಕ್ತು. ತುದಿಯ ತೂತು ಸರಿಯಾಗಿ ಕೊರೆದಿಲ್ಲ, ಅದಕ್ಕೇ ಎಗರಿ ಬಿದ್ದಿದೆ ಅಂತ ರಾಮಪ್ರಸಾದ್ ಬರೆದುಕೊಟ್ಟಿದಾರೆ."

"ಮೋರಿಯಲ್ಲಿ ಯಾರಿಗೆ ಸಿಕ್ಕಿತು?"

"ಅವರಿಗೇ. ನಮ್ಮ ಪೇದೆಗಳು ಹುಡುಕ್ತಾನೇ ಇದ್ರು, ಅವರು ಎತ್ತಿಕೊಟ್ರು."

ಪಿನ್ನಿನ ನಡುಮಧ್ಯೆ ಗಂಧ, ಅದರ ಮೇಲೆ ದುಂಡಗೆ ಕುಂಕುಮ. ಕೃಷ್ಣಸ್ವಾಮಿ ಅದನ್ನು ತಿರುಗಿಸಿ ನೋಡಿ, ತುದಿಯ ತೂತಿಗೆ ಬೆಂಕಿಕಡ್ಡಿ ತೂರಿಸಿದರು. ಕಡ್ಡಿ ಅರ್ಧಕ್ಕೇ ನಿಂತಿತು. ಅದನ್ನು ಮೂಸಿ ಶ್ಯಾಮಣ್ಣನ ಮೂಗಿಗೂ ಹಿಡಿದರು.

"ಗಂಧ," ಅಂದ ಶ್ಯಾಮಣ್ಣ. "ನೆನ್ನೆ ಆಯುಧಪೂಜೆ ಅಲ್ವಾ. ನಾನೂ ಪಂಪಿಗೆ ಹಚ್ಚಿದೀನಿ."

"ಪಂಪಿನ ಬಾಯಿಗೂ ಮೆತ್ತಿದೀಯಾ?"

"ಬಾಯಿಗೆ ಮೆತ್ತಿದ್ರೆ ಗಾಳಿ ಹೆಂಗ್ರೀ ಹೋಗುತ್ತೆ?"

ಕೃಷ್ಣಸ್ವಾಮಿ ತಲೆಯಾಡಿಸಿ ಅಂಗಳಕ್ಕೆ ನಡೆದರು. ಅಲ್ಲಿ ಕಾರೂ ಟ್ರೈಲರೂ ನಿಂತಿದ್ದವು. ಕೊಂಡಿಯ ಬೆಸುಗೆಯ ಮೇಲೆ ಉಗುರು ಆಡಿಸಿದರು. ಎಲ್ಲೂ ಬಿರುಕಿರಲಿಲ್ಲ. ಕೊಂಡಿಯ ಕೆಳಗಿನ ತೂತಿನೊಳಗೆ ಬೆರಳಿಟ್ಟಾಗ ಏನೋ ಸಿಕ್ಕಿಕೊಂಡಿತ್ತು. ಕಲ್ಲಿನಿಂದ ತಟ್ಟಿದರೆ ಬೂದು ಬಣ್ಣದ ಒಂದು ತುಂಡು ಕೆಳಗೆ ಬಿತ್ತು. ಅದರ ಮುರಿದ ಮುಖ ಸಕ್ಕರೆಯ ಹಾಗೆ ಮಿನುಗುತ್ತಿತ್ತು. ಸರಪಳಿಗಳು ಮಾತ್ರ ಇರಲಿಲ್ಲ.

"ಜನ ಸೇರಿದ್ರಲ್ಲ, ಯಾರೋ ಹೊಡ್ಕೊಂಡು ಹೋಗಿರ್ತಾರೆ," ಅಂದರು ಇನ್ಸ್‌ಪೆಕ್ಟರರು.

ರಾಮಪ್ರಸಾದನ ವರ್ಕ್‌ಶಾಪಿನ ಬಾಗಿಲಲ್ಲಿ ಡ್ರೈವರ್ ಗೋಪಾಲಪ್ಪ ಕೂತಿದ್ದ. ಹಿಂದಿನ ದಿನ ನಾಲ್ಕು ಗಂಟೆಗೆ ತಾನು ಬರುವಷ್ಟರಲ್ಲಿ ಟ್ರೈಲರ್ ಸಿಗಿಸಿ ಸಿದ್ಧವಾಗಿತ್ತು, ನೋಡದೆ ಹೊರಟುಬಿಟ್ಟೆ ಅಂದ. ರಜೆಯಾದ್ದರಿಂದ ಮಾಲೀಕರು, ಅವರ ತಾಯಿ, ಬೈರಪ್ಪ ಬಿಟ್ಟರೆ ಇನ್ಯಾರೂ ಇರಲಿಲ್ಲವಂತೆ.

"ಬೈರಪ್ಪ ಎಲ್ಲಿ ಕೂತಿದ್ದ?"

"ಮುಂದುಗಡೆ, ನನ್ನ ಪಕ್ಕ. ದಿನಾ ಬೀಡಿ ಸೇದ್ಕೊಂಡು ಕೂತೇ ಬರೋನು. ನೆನ್ನೆ ಏರಿ ಬಂದೇಟ್ಗೆ, ನಿಧಾನಕ್ಕೆ ಓಡ್ಸು ಅಂತ ಇಳ್ದ. ಒಂದು ದಪ್ಪ ಕಲ್ಲು ಇಡ್ಕೊಂಡು ಇಂದೆ ನಡ್ಕೊಂಡು ಬಂದ. ಗಾಡಿ ಇಂದಕ್ಕೆ ಬಂದಾಗ ಚಕ್ರಕ್ಕೆ ಕಲ್ಲು ಕೊಡಕ್ಕೋದ. ಕಾಲು ಸಿಕ್ಕಾಕ್ಕೊಳ್ತು."

"ಆಮೇಲೆ ನೀನು?"

"ಅವನ್ನ ತೊಡೆ ಮ್ಯಾಲೆ ಮಲಗಿಸ್ಕೊಂಡೇ ಇದ್ದೆ ಸಾರ್. ದಾರೀಲಿ ಬಂದೋನ ಕೈಲಿ ಸಾಹುಕಾರ್ರಿಗೆ ಸುದ್ದಿ ಕಳ್ಸಿ, ಟೆಂಪೋದಾಗೆ ಆಸ್ಪತ್ರೆಗೆ ಓದೆ. ಇನ್ನೂ ಜ್ಞಾನ ಬಂದಿಲ್ಲ."

ಒಳಗೆ ಹಲಗೆಯ ಮೇಲೆ ಪೂಜೆಗಿಟ್ಟ ಸಾಮಾನುಗಳ ಸಾಲಿತ್ತು. ಸ್ಪ್ಯಾನರುಗಳು, ಸುತ್ತಿಗೆ, ಸುರುಳಿ ಸುತ್ತಿಟ್ಟ ಎರಡು ಸರಪಳಿ, ಎಲ್ಲಕ್ಕೂ ಸೇವಂತಿಗೆ. ರಾಮಪ್ರಸಾದನ ತಾಯಿ ಸುಬ್ಬಲಕ್ಷ್ಮಿಯವರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಕೃಷ್ಣಸ್ವಾಮಿ ಬಗ್ಗಿದ್ದನ್ನು ಕಂಡು, "ಮುಟ್ಟಬೇಡಿ, ಇನ್ನೂ ಪೂಜೆ ಕದಲಿಸಿಲ್ಲ," ಅಂದರು.

ಅವರು ಮುಟ್ಟಲಿಲ್ಲ. ಸುತ್ತಿಗೆಗೂ ಸರಪಳಿಗೂ ನಡುವೆ ಹಲಗೆಯ ಮೇಲೆ ಕುಂಕುಮ ಚೆಲ್ಲಿತ್ತು. ಅದರ ಮಧ್ಯೆ ಗೇಣುದ್ದದ ಒಂದು ಪಟ್ಟಿ ಮಾತ್ರ ಬರಿದಾಗಿತ್ತು. ಶ್ಯಾಮಣ್ಣನೂ ಅದನ್ನು ನೋಡಿದ. ಇಲಿ ಓಡಾಡಿರಬೇಕು ಅಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಕೃಷ್ಣಸ್ವಾಮಿ ಎಲ್ಲರನ್ನೂ ಅದೇ ಹಲಗೆಯ ಮುಂದೆ ಕೂಡಿಸಿದರು. ಇನ್ಸ್‌ಪೆಕ್ಟರರು ನರಸಪ್ಪನನ್ನು ಕರೆತಂದರು. ಭಾಗ್ಯಮ್ಮ ಬಾಗಿಲ ಬಳಿಯೇ ನಿಂತಳು. ರಾಮಪ್ರಸಾದ ಕೈ ಕಟ್ಟಿಕೊಂಡು ಲೇತಿಗೆ ಒರಗಿದ್ದ.

"ಸಾರ್, ಹಬ್ಬದ ದಿನ ಇದೆಲ್ಲ ಬೇಕಾ?" ಅಂದ.

"ಬೇಡವಾಗಿತ್ತು ಕಣಪ್ಪ," ಅಂದರು ಕೃಷ್ಣಸ್ವಾಮಿ. "ಮೋರಿಯಲ್ಲಿ ಸಿಕ್ತು ಅಂದ ಪಿನ್ನಿನ ಗಂಧ ಕುಂಕುಮ ನೋಡಿ. ಈ ಜಾಗ ಕೊಂಡಿಯ ತೂತಿನೊಳಗೆ ಕೂರೋದು. ಎರಡು ಮೈಲಿ ಹೊರೆ ಎಳೆದಿದ್ರೆ ಉಜ್ಜಿ ಹೋಗ್ತಿತ್ತು. ಮೋರಿ ನೀರಲ್ಲಿ ಬಿದ್ದಿದ್ರೂ ತೊಳೆದು ಹೋಗ್ತಿತ್ತು. ಇನ್ನು ತುದಿಯ ತೂತು. ನರಸಪ್ಪ ನೆಟ್ಟಗೇ ಕೊರೆದಿದಾನೆ, ಒಳಗೆ ಗಂಧ ತುಂಬಿ ಒಣಗಿದೆ. ಅಂದ ಮೇಲೆ ಪೂಜೆಯಾದ ಮೇಲೆ ಅದರೊಳಗೆ ಸ್ಪ್ಲಿಟ್ ಪಿನ್ ಹೋಗೇ ಇಲ್ಲ. ಈ ಪಿನ್ನು ನೆನ್ನೆ ಗಾಡಿಯಲ್ಲಿ ಇರಲೇ ಇಲ್ಲ."

"ಮತ್ತೆ ಎಲ್ಲಿತ್ತು?" ಇನ್ಸ್‌ಪೆಕ್ಟರರು ಕೇಳಿದರು.

ಕೃಷ್ಣಸ್ವಾಮಿ ಪಿನ್ನನ್ನು ಹಲಗೆಯ ಬರಿದಾದ ಪಟ್ಟಿಯ ಮೇಲಿಟ್ಟರು. ಅಳತೆ ತೆಗೆದ ಹಾಗೆ ಕೂತಿತು. "ಇಲ್ಲಿ. ಪಕ್ಕದಲ್ಲಿರೋದು ಟ್ರೈಲರಿನ ಸರಪಳಿಗಳೇ. ಯಾರೂ ಕದ್ದಿಲ್ಲ."

ಶ್ಯಾಮಣ್ಣ ತನ್ನ ಇಲಿಯನ್ನು ನೆನೆದು ತಲೆ ತಗ್ಗಿಸಿದ.

"ಗಾಡಿ ಎಳೆದದ್ದು ಇದು." ಅವರು ಜೇಬಿನಿಂದ ಬೂದು ತುಂಡು ತೆಗೆದರು. "ಬೀಡು, ಅಂದ್ರೆ ಎರಕದ ಕಬ್ಬಿಣ. ಉಕ್ಕು ಬಗ್ಗುತ್ತೆ, ಬೀಡು ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಬೈರಪ್ಪ ಇಪ್ಪತ್ತು ವರ್ಷ ಕಬ್ಬಿಣದ ಜೊತೆ ಬಾಳಿದವನು, ಅವನಿಗೆ ಗೊತ್ತಿತ್ತು. ಅದಕ್ಕೇ ಯಾವತ್ತೂ ಇಳಿಯದವನು ನೆನ್ನೆ ಕಲ್ಲು ಹಿಡಿದು ಹಿಂದೆ ನಡೆದ. ಅವನು ಹಾಕಿದ್ದಲ್ಲ, ಬೇಡ ಅನ್ನೋಕೆ ಆಗದೆ ಒಪ್ಪಿದ್ದು. ಗೋಪಾಲಪ್ಪ ಕಡೆತನಕ ಅವನ ಜೊತೇಲೇ ಇದ್ದ. ಅಪಘಾತ ಆದ ಮೇಲೆ ಈ ಹಲಗೆಯಿಂದ ಆ ಮೋರಿಗೆ ಹೋದವರು ಒಬ್ಬರೇ."

ಎಲ್ಲರೂ ರಾಮಪ್ರಸಾದನ ಕಡೆ ತಿರುಗಿದರು. ಅವನು ಕಟ್ಟಿದ್ದ ಕೈ ಬಿಟ್ಟ.

"ನಾನು ಓದಿದ್ದು ಬಿಕಾಂ ಸಾರ್. ದಪ್ಪ ಸರಿಹೋಗುತ್ತಲ್ಲ ಅಂತ ಗುಜರಿಯಿಂದ ಆರಿಸಿ ನಾನೇ ಹಾಕಿದೆ. ಬೈರಪ್ಪ ಸರಪಳಿಯಾದ್ರೂ ಹಾಕೋಣ ಅಂದ. ಎರಡು ಮೈಲಿ ತಾನೇ ಅಂದೆ."

"ನಿಜವಾದ ಪಿನ್ನು ಇಲ್ಲೇ ಇತ್ತಲ್ಲ?" ಇನ್ಸ್‌ಪೆಕ್ಟರರು ಕೇಳಿದರು.

ಅವನು ತಾಯಿಯ ಕಡೆ ನೋಡಿದ. ದೀಪದ ಪಕ್ಕದಿಂದ ಸುಬ್ಬಲಕ್ಷ್ಮಿಯವರು ನಿಧಾನವಾಗಿ ಎದ್ದರು.

"ಅವನು ಎತ್ತೋಕೆ ಬಂದಿದ್ದ. ನಾನೇ ಬಿಡಲಿಲ್ಲ," ಅಂದರು. "ಕಾರು ನಿಂಬೆಹಣ್ಣು ತುಳಿದಾಗಿದೆ, ಹೋಗಲಿ. ಹಲಗೆ ಮೇಲಿಟ್ಟಿದ್ದು ಕದಲಿಸೋವರೆಗೂ ಎತ್ತಬಾರದು ಅಂದೆ. ಇವರಪ್ಪನ ಎರಡು ಬೆರಳು ಇದೇ ಲೇತಿಗೆ ಹೋದವು. ಯಾರ ಕೈಕಾಲಿಗೂ ಏನೂ ಆಗದೇ ಇರ್ಲಿ ಅಂತ ತಾನೇ ಕೃಷ್ಣಸ್ವಾಮಿಗಳೇ, ನಾನು ಬೇಡಿಕೊಂಡು ಇಟ್ಟಿದ್ದು."

ಕೃಷ್ಣಸ್ವಾಮಿ ಬೂದು ತುಂಡನ್ನು ಪಿನ್ನಿನ ಪಕ್ಕದಲ್ಲಿಟ್ಟರು.

"ಅಮ್ಮನ್ನ ಸ್ಟೇಷನ್ ಮೆಟ್ಟಿಲು ಹತ್ತಿಸಬೇಕಾಗುತ್ತೆ ಅಂತ ಭಯ ಆಯ್ತು," ಅಂದ ರಾಮಪ್ರಸಾದ.

"ಅದಕ್ಕೆ ಇವ್ರನ್ನ ಅತ್ತಿಸಿದ್ರಾ?" ಭಾಗ್ಯಮ್ಮ ಬಾಗಿಲಿಂದಲೇ ಕೇಳಿದಳು. ದನಿ ಏರಿಸಲಿಲ್ಲ.

ಇನ್ಸ್‌ಪೆಕ್ಟರರು ಅವನನ್ನು ಜೀಪಿಗೆ ಹತ್ತಿಸಿಕೊಂಡರು. ಮುದುಕಿಯ ಮೇಲೆ ಏನೆಂದು ಬರೆಯುವುದೋ ತಿಳಿಯದೆ ಪುಸ್ತಕ ಮಡಚಿದರು. ಸುಬ್ಬಲಕ್ಷ್ಮಿಯವರು ಹಲಗೆಯ ಮುಂದೆ ಒಬ್ಬರೇ ಉಳಿದರು. ಕದಲಿಸುವ ಹೊತ್ತು ಮೀರಿಹೋಗಿತ್ತು.

"ಎಲ್ಲಾ ಹೇಳಿಕೊಟ್ಟಿದ್ದೆ ಶ್ಯಾಮಣ್ಣ," ಕ್ಯಾರಿಯರಿನ ಮೇಲಿಂದ ಕೃಷ್ಣಸ್ವಾಮಿ ಅಂದರು. "ಬೋಲ್ಟು, ಸ್ಪ್ಲಿಟ್ ಪಿನ್ನು, ಸರಪಳಿ. ವರ್ಷಕ್ಕೊಂದು ದಿನ ಅದನ್ನೆಲ್ಲ ಬಿಚ್ಚಿ ಹೂವು ಮುಡಿಸ್ತಾರೆ ಅನ್ನೋದು ಹೊಳೀಲೇ ಇಲ್ಲ." ಶ್ಯಾಮಣ್ಣ ಸೈಕಲ್ಲನ್ನು ಆಸ್ಪತ್ರೆಯ ಕಡೆ ತಿರುಗಿಸಿದ.

ಬಿಡುಗಡೆಯಾದ ನರಸಪ್ಪ ಮನೆಗೆ ಹೋಗಿರಲಿಲ್ಲ. ಇವರು ಆಸ್ಪತ್ರೆ ತಲುಪುವಷ್ಟರಲ್ಲಿ ಅವನಾಗಲೇ ಬೈರಪ್ಪನ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಬೆಳಿಗ್ಗೆಯೇ ಕಾಲು ತೆಗೆದಿದ್ದರು. ಬಾಗಿಲು ದಾಟಲಾಗದೆ ಶ್ಯಾಮಣ್ಣ ಅಲ್ಲೇ ನಿಂತ. ಕೃಷ್ಣಸ್ವಾಮಿ ಅವನ ಭುಜ ಹಿಡಿದು ನಿಂತರು.

ಬೈರಪ್ಪ ಕಣ್ಣು ತೆರೆದ. ನರಸಪ್ಪನ ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನರಸಾ," ಅಂದ. "ನಿನ್ನ ಬೆಸುಗೆ ನಿಂತಿತ್ತೇನ್ಲಾ?"

"ನಿಂತಿತ್ತು ಕಣಣ್ಣ."

"ನಂಗೊತ್ತಿತ್ತು," ಅಂದು ಬೈರಪ್ಪ ಮತ್ತೆ ಕಣ್ಣು ಮುಚ್ಚಿದ. ನರಸಪ್ಪ ತನ್ನೆರಡು ಅಂಗೈಗಳನ್ನೂ ಮಂಚದ ಅಂಚಿನ ಮೇಲಿಟ್ಟು, ಅವುಗಳ ಮೇಲೆ ಹಣೆ ಊರಿ ಅತ್ತ.